ಎರಡು ಸುತ್ತು

ಗೆಜ್ಜೆ, ಚಂದ್ರ, ಮಾವಿನಕಾಯಿ ತೂಗುವ ಬೆಳ್ಳಿ ಬ್ರೇಸ್‌ಲೆಟ್ಟು ವಾರಿಜಾಳ ಕಂಪನಿಗೆ ಹೆಸರು ತಂದಿತ್ತು. ಮಣಿಕಟ್ಟಿಗೆ ಎರಡು ಸುತ್ತು ಬರುವುದೇ ಅದರ ಗುರುತು. ಕಂಪನಿಯ ಚರಿತ್ರೆ ಬರೆಯಲು ಬಂದ ಹುಡುಗಿಯ ಕಣ್ಣು ವಾರಿಜಾಳ ಕೈಯಲ್ಲಿದ್ದ, ಸವೆದ ಮೊದಲ ಬ್ರೇಸ್‌ಲೆಟ್ಟಿನ ಮೇಲೆ ಬಿತ್ತು.

“ಎರಡು ಸುತ್ತಿನ ಐಡಿಯಾ ಹೇಗೆ ಬಂತು ಮೇಡಂ?”

“ಐಡಿಯಾ ಏನಿಲ್ಲಮ್ಮ. ಇದು ಉದ್ದ ಇತ್ತು, ಕತ್ತರಿಸೋಕೆ ಮನಸ್ಸು ಬರಲಿಲ್ಲ. ಹಾಗೇ ಸುತ್ಕೊಂಡೆ. ನೋಡಿದೋರೆಲ್ಲ ನಮಗೂ ಬೇಕು ಅಂದ್ರು.”

“ಅಕ್ಕಸಾಲಿಗ ಅಳತೆ ತಪ್ಪಿದ್ದ ಅನ್ನಿ,” ಹುಡುಗಿ ನಕ್ಕಳು. “ಒಂದು ತಪ್ಪಿನಿಂದ ಹುಟ್ಟಿದ ಕಂಪನಿ ಅಂತ ಬರೀತೀನಿ.”

ವಾರಿಜಾ ಗೆಜ್ಜೆಯನ್ನು ಬೆರಳಲ್ಲಿ ಹಿಡಿದು ಅದರ ಸದ್ದಡಗಿಸಿದಳು.

“ಅಳತೆ ಸರಿಯಾಗೇ ಇತ್ತಮ್ಮ. ನಾಮಕರಣಕ್ಕೆ ಅಂತ ಮಾಡಿಸಿದ್ದ ಉಡಿದಾರ ಇದು. ಅವನು ತಂದ್ಕೊಡೋ ಹೊತ್ತಿಗೆ ಮಗು ಇರಲಿಲ್ಲ.”