ಗೋಡೆ ಬಡಿಯದ ಶನಿವಾರ

ಮೂರನೇ ಸಲ ಹಾಡು ಮುಗಿದರೂ ಪಕ್ಕದ ಮನೆಯ ಮಿಸೆಸ್ ಹೆಪ್ವರ್ತ್ ಗೋಡೆ ಬಡಿಯಲಿಲ್ಲ. ಡ್ರಮ್ ಮುಂದೆ ಕೂತಿದ್ದ ಜನೀನ್ ಕೋಲುಗಳನ್ನು ತೊಡೆಯ ಮೇಲಿಟ್ಟು ಬೆವರು ಒರೆಸಿಕೊಂಡಳು. ಹಾಡುಗಾರ ರಸೆಲ್ ಗೋಡೆಗೆ ಕಿವಿ ಹಚ್ಚಿ ನಿಂತ. ಗಿಟಾರಿನವನೂ ಕೀಬೋರ್ಡಿನವಳೂ ಮಂಚದ ಮೇಲೆ ಬಿದ್ದು ತಮ್ಮ ಅವಸ್ಥೆಗೆ ತಾವೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಕ್ಕದ ಮನೆಯವರು ಗಲಾಟೆ ಮಾಡಲಿಲ್ಲವಲ್ಲ ಎಂದು ಪೇಚಾಡುವ ವಾದ್ಯತಂಡ ಇಡೀ ಹಡರ್ಸ್‌ಫೀಲ್ಡ್ ಊರಿನಲ್ಲಿ ಇದೊಂದೇ ಇರಬೇಕು.

ಕಸ್ಟರ್ಡ್ ಸ್ಟ್ರೀಟ್ ಎಂಬ ಈ ತಂಡದ ಮೊದಲ ರೆಕಾರ್ಡ್ ತಯಾರಾದದ್ದು ರಸೆಲ್ ಮಲಗುವ ಇದೇ ಕೋಣೆಯಲ್ಲಿ, ಸದ್ದು ತಡೆಯಲು ಕಿಟಕಿಗೆ ಹಾಸಿಗೆ ಆನಿಸಿಟ್ಟು. ಹಾಡಿನ ನಡುವೆ ಆಚೆ ಮನೆಯಿಂದ ಧಬ್, ಧಬ್, ಧಬ್ ಎಂದು ಮೂರು ಏಟು ಬಿತ್ತು. ಇದ್ದದ್ದು ಒಂದೇ ಟೇಪು, ಹಾಗೇ ಬಿಟ್ಟರು. ರೇಡಿಯೊದವರು ಅದನ್ನು ಒಂದೇ ವಾರದಲ್ಲಿ ಏಳು ಸಲ ಹಾಕಿದರು. ಪತ್ರಿಕೆಯವನೊಬ್ಬ ಆ ಮೂರು ಏಟಿನ ಮೇಲೆಯೇ ಅರ್ಧ ಪುಟ ಬರೆದು, ಇಂಥ ತಾಳಜ್ಞಾನ ಅಪರೂಪ ಎಂದ. ಜನೀನ್ ಆ ಹೊಗಳಿಕೆಯನ್ನು ಸದ್ದಿಲ್ಲದೆ ತನ್ನ ಖಾತೆಗೇ ಹಾಕಿಕೊಂಡಳು.

ಎರಡನೇ ರೆಕಾರ್ಡಿಗೆ ಲೀಡ್ಸ್‌ನ ದೊಡ್ಡ ಸ್ಟುಡಿಯೊ. ಅಲ್ಲಿ ಅಂಥದೇ ಮೂರು ಏಟಿಗಾಗಿ ಬಾಗಿಲು ಬಡಿದರು, ಬೂಟು ಬಡಿದರು, ರಸೆಲ್ ಒಮ್ಮೆ ತನ್ನ ಹಣೆಯನ್ನೇ ಗೋಡೆಗೆ ಬಡಿದು ನೋಡಿದ. ರೆಕಾರ್ಡ್ ಕಂಪನಿಯ ಯಜಮಾನ ಟೇಪು ಕೇಳಿ ಫೋನಿನಲ್ಲೇ ಆಕಳಿಸಿದ. ಸೋಮವಾರದೊಳಗೆ ಜೀವ ಇರುವ ಹಾಡು ಕೊಡಿ, ಇಲ್ಲವೇ ಆ ಹುಡುಗಿಯನ್ನು ಮನೆಗೆ ಕಳಿಸಿ ಡ್ರಮ್ ಯಂತ್ರ ತಂದಿಟ್ಟುಕೊಳ್ಳಿ, ಹೇಗೂ ಅವಳು ಬಾರಿಸುವುದು ಯಂತ್ರದ ಹಾಗೇ ಎಂದ. ಜನೀನ್‌ಳ ಕಣ್ಣಲ್ಲಿ ನೀರು ಬಂತು. ಆರು ತಿಂಗಳಿಂದ ಬಿಸ್ಕತ್ತಿನ ಫ್ಯಾಕ್ಟರಿಗೆ ಹೊರಡುವ ಮುಂಚೆ ದಿಂಬಿನ ಮೇಲೆ ಬಾರಿಸಿ ಬಾರಿಸಿ ಕೈ ಪಳಗಿಸಿಕೊಂಡವಳು ಅವಳು.

ಅದಕ್ಕೇ ಈ ಶನಿವಾರ ಎಲ್ಲರೂ ಹಳೆಯ ಕೋಣೆಗೆ ಮರಳಿ ಆಚೆ ಮನೆಯ ಏಟಿಗೆ ಕಾದಿದ್ದು. ನಾಲ್ಕನೇ ಸಲ ಸದ್ದಿನ ತಿರುಪುಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ ಬಾರಿಸಿದರು. ಗೋಡೆಯ ಕ್ಯಾಲೆಂಡರ್ ಕಳಚಿ ಬಿತ್ತು, ಬೆಕ್ಕು ಮನೆ ಬಿಟ್ಟು ಓಡಿತು. ಏಟು ಮಾತ್ರ ಬೀಳಲಿಲ್ಲ. ಬದಲಿಗೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ಎಪ್ಪತ್ತಾರರ ಮಿಸೆಸ್ ಹೆಪ್ವರ್ತ್ ಒಂದು ತಟ್ಟೆ ಶುಂಠಿ ಕೇಕ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಾಡು ಬಲು ಚೆನ್ನಾಗಿದೆ, ಹಸಿದಿರಬೇಕು, ತಿನ್ನಿ ಎಂದರು.

ರಸೆಲ್ ಹೆಚ್ಚುಕಡಿಮೆ ಅಳುವ ದನಿಯಲ್ಲಿ ಕೇಳಿದ. "ಆಂಟಿ, ನಿಮಗೆ ಸಿಟ್ಟೇ ಬರ್ಲಿಲ್ವಾ? ಯಾಕೆ ಗೋಡೆ ಬಡೀಲಿಲ್ಲ?"

"ಸಿಟ್ಟು ಯಾಕಪ್ಪಾ? ಚರ್ಚಿನೋರ ಸಾಲ್ವೇಷನ್ ಆರ್ಮಿ ಬ್ಯಾಂಡಲ್ಲಿ ಮೂವತ್ತು ವರ್ಷ ದೊಡ್ಡ ಡ್ರಮ್ ಹೊಡ್ದೋಳು ನಾನು. ಅವತ್ತು ಈ ಹುಡುಗಿ ತಾಳ ಬಿಟ್ಟು ಎಲ್ಲೆಲ್ಲೋ ಹೋಗ್ತಿದ್ಲು, ಗೋಡೆ ಬಡ್ದು ತಾಳಕ್ಕೆ ಎಳ್ಕೊಂಡು ಬಂದೆ. ಈಗ ತಪ್ಪೋದೇ ಇಲ್ವಲ್ಲ, ಯಾಕೆ ಬಡೀಲಿ?"

ಜನೀನ್‌ಳ ಕಿವಿ ಕೆಂಪಾಯಿತು. ಪತ್ರಿಕೆಯ ಆ ಅರ್ಧ ಪುಟದ ಹೊಗಳಿಕೆ ಅಷ್ಟೂ ಈ ಮುದುಕಿಯದು. ನಾಚಿಕೆಯ ಹಿಂದೆಯೇ ತಡೆಯಲಾಗದ ನಗು ಬಂತು. ಮಿಸೆಸ್ ಹೆಪ್ವರ್ತ್ ತಮ್ಮ ಮನೆ ಸೇರಿದ್ದೇ ತಡ, ಒಂದು ಚೂರು ತಪ್ಪಿಬಿಡೇ ಎಂದು ಮೂವರೂ ಜನೀನ್‌ಳ ಕೈಕಾಲು ಹಿಡಿದರು. ಅವಳು ತಪ್ಪಿದಳು. ಒಂದು ಕಡೆ ಏಟು ನುಂಗಿದಳು, ಒಂದು ಕಡೆ ಎರಡು ಸೇರಿಸಿದಳು. ತೆಳು ಗೋಡೆಯ ಆಚೆಯಿಂದ ಏಟಿನ ಬದಲು ಮಾತು ಬಂತು.

"ಬೇಕಂತ ತಪ್ಪಿದ್ರೆ ಗೊತ್ತಾಗುತ್ತೆ ಕಣವ್ವಾ. ಕಳ್ಳ ತಪ್ಪಿಗೆಲ್ಲ ನನ್ ಕೋಲು ಏಳಲ್ಲ."

ಜನೀನ್ ಯೋಚಿಸಿದಳು. ನಮ್ಮಲ್ಲಿ ಯಾರಿಗೂ ಬಾರದ ಹಾಡು ಯಾವುದಾದರೂ ಇದೆಯೇ ಎಂದು ರಸೆಲ್‌ನನ್ನು ಕೇಳಿದಳು. ಬೆಳಿಗ್ಗೆ ಬಸ್ಸಿನಲ್ಲಿ ಬರೆದದ್ದೊಂದಿದೆ, ತನಗೇ ಸರಿಯಾಗಿ ಬರುವುದಿಲ್ಲ ಎಂದ ಅವನು. ಟೇಪ್ ಯಂತ್ರದ ಗುಂಡಿ ಒತ್ತಿ ಶುರು ಮಾಡಿಯೇಬಿಟ್ಟರು. ಗಿಟಾರು ಒಂದು ದಿಕ್ಕು, ಕೀಬೋರ್ಡು ಇನ್ನೊಂದು ದಿಕ್ಕು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಜನೀನ್ ನಿಜವಾಗಿಯೂ ಕಳೆದುಹೋದಳು. ದಿಂಬಿನ ಮೇಲೆ ಕಲಿತದ್ದೊಂದೂ ಕೈಗೆ ಬರಲಿಲ್ಲ. ಭಯವಾಗುತ್ತಿತ್ತು, ಅಷ್ಟೇ ಸಂತೋಷವೂ ಆಗುತ್ತಿತ್ತು.

ಧಬ್. ಧಬ್. ಧಬ್.

ಜನೀನ್ ಆ ಏಟನ್ನು ಹಿಡಿದುಕೊಂಡಳು, ಉಳಿದವರು ಅವಳನ್ನು ಹಿಡಿದುಕೊಂಡರು. ರಸೆಲ್ ಕೊನೆಯ ಸಾಲನ್ನು ನಗುತ್ತಲೇ ಹಾಡಿದ, ಆ ನಗುವೂ ಟೇಪಿಗೆ ಹೋಯಿತು. ಹಾಡು ನಿಂತಿತು. ಇನ್ನೊಂದು ಸಲ ಬಾರಿಸೋಣ, ಇನ್ನೂ ಚೆನ್ನಾಗಿ ಬರುತ್ತದೆ ಎಂದು ಜನೀನ್ ಕೋಲೆತ್ತಿದಳು. ರಸೆಲ್ ಹಾರಿ ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಬೇಡ ಕಣೇ, ಕಲ್ತುಬಿಡ್ತೀಯ."