ಒಪ್ಪಿಸಿಕೊಂಡ ಕುರಿ

ಶೆಟ್ಟೆವ್ವನ ಮನೆಯ ಕಟ್ಟೆಯ ಮೇಲೆ ಹೊಳೆಪ್ಪ ಟವೆಲಿನ ಗಂಟು ಬಿಚ್ಚಿದ. ಒಳಗೆ ಉಪ್ಪು ಸವರಿ ಒಣಗಿಸಿದ ಎಂಟು ಕುರಿಕಿವಿಗಳಿದ್ದವು. ಎಂಟರ ಅಂಚಿಗೂ ಎರಡೆರಡು ಕಚ್ಚು. ಅಂದರೆ ಎಂಟೂ ಶೆಟ್ಟೆವ್ವನವೇ. ಒಪ್ಪಿಸಿಕೊಂಡ ಕುರಿ ಸತ್ತರೆ ಅದರ ಕಿವಿ ಕೊಯ್ದು ತಂದು ಒಡೆಯರ ಕೈಗೆ ಕೊಡಬೇಕು, ಎದುರು ನಿಂತು ಬಾಯಿಂದ ಹೇಳಬೇಕು. ಮನೆಮನೆಗೆ ಫೋನು ಬಂದ ಮೇಲೂ ಹೊಳೆಪ್ಪನ ಮನೆತನದವರು ಇದನ್ನು ಬಿಟ್ಟಿರಲಿಲ್ಲ. ಅದಕ್ಕೇ ಅವನು ಹಿಂಡನ್ನು ಹೆಂಡತಿಯ ಸುಪರ್ದಿಗೆ ಕೊಟ್ಟು, ಕೊಂಕಣದಿಂದ ಘಟ್ಟ ಹತ್ತಿ, ಹತ್ತರಗಿಯಲ್ಲಿ ಬಸ್ಸು ಬದಲಿಸಿ ತುಕ್ಕಾನಟ್ಟಿಗೆ ಬಂದಿದ್ದ. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. ಕುರಿ ಹೋದದ್ದು ಹೋಯಿತು, ವೈನಿ ತನ್ನ ಮಾತು ನಂಬಿದರೆ ಸಾಕು.

ಶೆಟ್ಟೆವ್ವ ಅವನ ದೊಡ್ಡಪ್ಪನ ಮಗನ ಹೆಂಡತಿ, ವರಸೆಯಲ್ಲಿ ವೈನಿ, ಎಂದರೆ ಅತ್ತಿಗೆ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಹಿಂಡಿನಲ್ಲಿ ಉಳಿದದ್ದು ಈ ಎಂಟೇ. ದೀಪಾವಳಿ ಮುಗಿಸಿ ಹೊಳೆಪ್ಪ ಸಮುದ್ರದ ಸೀಮೆಗೆ ಹೊರಟಾಗಲೆಲ್ಲ ಅವಳು ಎಂಟರ ಹಣೆಗೂ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿ, ಅವನ ಹಿಂಡಿನೊಳಗೆ ಬಿಟ್ಟು, ತಿರುಗಿ ನೋಡದೆ ಮನೆಗೆ ನಡೆಯುತ್ತಿದ್ದಳು. ಈ ಸಲವೂ ಹಾಗೇ ನಡೆದಿದ್ದಳು.

ಈಗ ಅವಳು ಒಂದೊಂದೇ ಕಿವಿ ಎತ್ತಿ ಹೆಬ್ಬೆರಳಿನಿಂದ ಸವರಿದಳು. ಇದು ಕರಿದು, ಇದು ಕುಂಟಿ, ಇದು ಎರಡು ಸಲ ಅವಳಿ ಹಾಕಿದ್ದು ಎಂದು ತನ್ನಷ್ಟಕ್ಕೇ ಗುರುತು ಹಿಡಿದಳು. ಅಳಲಿಲ್ಲ. ಅವಳು ಅತ್ತಿದ್ದರೆ ಹೊಳೆಪ್ಪನೂ ಅತ್ತು ಹಗುರಾಗುತ್ತಿದ್ದ. ಅವಳು ತಲೆಯೆತ್ತಿ ಆಕಾಶ ನೋಡಿದಳು. ಹುಡುಕಿದರೂ ಒಂದು ಚೂರು ಮೋಡವಿರಲಿಲ್ಲ. ಕಬ್ಬಿನ ಹೊಲಗಳ ಕಡೆಯಿಂದ ಒಣ ಚಳಿಗಾಳಿ ಬೀಸುತ್ತಿತ್ತು.

"ಕಾರ್ತೀಕದಾಗ ಅಂಥಾ ಮಳಿ ಎಲ್ಲಿಂದ ಬರಬೇಕೊ ಹೊಳೆಪ್ಪ? ಇಲ್ಲಿ ಒಂದ್ ಹನಿ ಬಿದ್ದಿಲ್ಲ."

ಅಲ್ಲಿಯ ಕಾರ್ತೀಕವೇ ಬೇರೆ ಎಂದು ಹೊಳೆಪ್ಪ ಹೇಳಹೊರಟ. ಬೆಳಿಗ್ಗೆ ಕಂಬಳಿಯೊಳಗೂ ನಡುಕ, ಮಧ್ಯಾಹ್ನ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು, ಸಂಜೆಯಾಗುವುದರೊಳಗೆ ಸಮುದ್ರದ ಕಡೆಯಿಂದ ಮೋಡ. ಅವನು ಹಿಂಡು ತಂಗಿಸಿದ್ದ ಗದ್ದೆಯ ಮಾಲೀಕ, ಅಲ್ಲೇ ಹುಟ್ಟಿ ಬೆಳೆದವನು, ಕೊಯ್ದ ಭತ್ತ ಹರವಿಕೊಂಡು ತಾಸಿಗೊಮ್ಮೆ ಮುಗಿಲು ನೋಡುತ್ತಿದ್ದ. ಇನ್ನು ಹೊರಗಿನವನ ಪಾಡೇನು? ಹೊಳೆಪ್ಪ ಹೇಳಿದ್ದನ್ನೆಲ್ಲ ಶೆಟ್ಟೆವ್ವ ಕೇಳಿದಳು. ಆದರೆ ಹುಕ್ಕೇರಿ ದಾಟಿ ಆಚೆ ಹೋಗದವಳಿಗೆ ದಿನಕ್ಕೆ ಮೂರು ಬಣ್ಣ ಬದಲಿಸುವ ಆಕಾಶವನ್ನು ಕಟ್ಟೆಯ ಮೇಲೆ ಕೂತು ತೋರಿಸುವುದು ಹೇಗೆ?

ಒಳಗಿನಿಂದ ಮಗಳು ಅನ್ನಪೂರ್ಣಾ ಫೋನು ಹಿಡಿದುಕೊಂಡೇ ಬಂದಳು. "ಖರೆ ಐತಿ ಯವ್ವಾ. ಹೋದ ಮಂಗಳವಾರ ಆ ಕಡೆ ಬಿರುಗಾಳಿ ಮಳಿ ಆಗೇತಿ. ಇದರಾಗ ಬಂದಿತ್ತು."

ಹೊಳೆಪ್ಪನಿಗೆ ಹೋದ ಜೀವ ಬಂದಂತಾಯಿತು. ಯಾವಾಗಲೂ ಬೈಯುತ್ತಿದ್ದ ಆ ಫೋನಿಗೆ ಮನಸ್ಸಿನಲ್ಲೇ ಕೈಮುಗಿದ. ಶೆಟ್ಟೆವ್ವ ತಲೆಯಾಡಿಸಿದಳು, ಕಾಕಾಗೆ ನೀರು ಕೊಡು ಎಂದು ಮಗಳಿಗೆ ಹೇಳಿದಳು. ಅವನು ಚೊಂಬು ಬಾಯಿಗೆ ಎತ್ತಿದ ಮೇಲೆ ಕೇಳಿದಳು:

"ನಿನ್ನವು ಎಷ್ಟ ಹೋದ್ವು?"

"ಮೂರ ಮರಿ ಹೋದ್ವು ವೈನಿ."

"ದೊಡ್ಡವು?"

ಅವನು ಚೊಂಬು ಕೆಳಗಿಟ್ಟ. "ಒಂದೂ ಇಲ್ಲ."

ಇನ್ನು ಮುಚ್ಚಿಡುವಂತಿರಲಿಲ್ಲ, ನಡೆದದ್ದನ್ನು ಹೇಳಿದ. ಆ ಬಯಲಿನಲ್ಲಿ ಆಸರೆ ಎಂದು ಇದ್ದದ್ದು ಮಾಲೀಕನ ಹಳೆಯ ದನದ ಕೊಟ್ಟಿಗೆಯೊಂದೇ. ಎಂಟು ಹತ್ತು ಕುರಿ ನಿಂತರೆ ಅದು ಭರ್ತಿ. ಗಾಳಿ ಎದ್ದಾಗ ಅವನ ಹೆಂಡತಿ, ಮೊದಲು ನಮ್ಮ ಮರಿಗಳನ್ನು ಒಳಗೆ ಹಾಕು ಎಂದಳು. ಅವನು ಅವಳ ಮೇಲೆ ಹರಿಹಾಯ್ದ. ಒಪ್ಪಿಸಿಕೊಂಡದ್ದು ಮೊದಲು, ತನ್ನದು ಆಮೇಲೆ. ಅವನಪ್ಪ ಅವನಿಗೆ ಕಲಿಸಿದ್ದು ಅದೊಂದನ್ನೇ. ಸುರಿಯುವ ಮಳೆಯಲ್ಲಿ ಎರಡು ಕಚ್ಚಿನ ಕಿವಿಗಳನ್ನು ಹುಡುಕಿ ಹುಡುಕಿ, ಎಂಟನ್ನೂ ಒಳಗೆ ದಬ್ಬಿ, ಬಾಗಿಲಿಗೆ ಹಗ್ಗ ಬಿಗಿದ. ಅವನ ತೊಂಬತ್ತು ಕುರಿ ಬಯಲಿನಲ್ಲೇ ಒಂದರ ಹೊಟ್ಟೆಗೆ ಇನ್ನೊಂದು ತಲೆ ತೂರಿಸಿಕೊಂಡು ನೆನೆದವು. ಮಳೆ ನಿಲ್ಲುವ ಹೊತ್ತಿಗೆ, ನೆನೆದು ಮೆತ್ತಗಾಗಿದ್ದ ಕೊಟ್ಟಿಗೆಯ ಗೋಡೆ ಮಾಡಿನ ಸಮೇತ ಒಳಕ್ಕೆ ಕುಸಿಯಿತು. ಗಂಡ ಹೆಂಡತಿ ಇಬ್ಬರೂ ಬರಿಗೈಯಿಂದ ಮಣ್ಣು ಬಗೆದರು. ಎಂಟನೆಯ ಕುರಿ ಹೊರತೆಗೆಯುವಾಗ ಬಿಸಿಲು ಬಂದಿತ್ತು, ಚುರುಗುಟ್ಟುವ ಬಿಸಿಲು. ಜೀವನದಲ್ಲಿ ಮೊದಲ ಸಲ ಹೊಳೆಪ್ಪ ಸೂರ್ಯನಿಗೆ ಶಾಪ ಹಾಕಿದ.

ಹೇಳುತ್ತ ಹೋದಂತೆ ತನ್ನ ಮಾತು ತನಗೇ ಕಟ್ಟುಕತೆಯಂತೆ ಕೇಳಿಸತೊಡಗಿತು. ಸಾಕ್ಷಿಗೆಂದು ಉಗುರು ಕಿತ್ತ ಬೆರಳುಗಳನ್ನು ಮುಂದೆ ಚಾಚಿದ, ನಾಚಿಕೆಯಾಗಿ ಹಿಂದಕ್ಕೆಳೆದುಕೊಂಡ.

"ಬೀರಪ್ಪನ ಆಣಿ ವೈನಿ, ನಿಮ್ಮವನ್ನ ಮೊದಲ ಒಳಗ ಹಾಕಿದ್ನಿ. ನನ್ನ ಹಿಂಡಿನಾಗ ನಿಮಗ ಬೇಕಾದ ಎಂಟ ಆರಿಸ್ಕೊಳ್ರಿ. ಇಲ್ಲ ಅನ್ನಬ್ಯಾಡ್ರಿ."

"ಆ ಕುರಿ ತಗೊಂಡ ಏನ ಮಾಡ್ಲಿ? ಅವು ನಿಮ್ಮಣ್ಣ ಸಾಕಿದ್ದಲ್ಲ."

ಶೆಟ್ಟೆವ್ವ ಎಂಟೂ ಕಿವಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. ಹೊಸ್ತಿಲ ಹತ್ತಿರ ನಿಂತು, ಅವನ ಕಡೆ ನೋಡದೆ ಹೇಳಿದಳು:

"ನಿನ್ನವು ಅಂತ ತಿಳಕೊಂಡಿದ್ರ ಉಳೀತಿದ್ವು ಹೊಳೆಪ್ಪ."

ಅಲ್ಲ ಎನ್ನಲು ಹೊಳೆಪ್ಪ ಬಾಯಿ ತೆರೆದ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.