ಸಿಹಿನೀರು

ಬೆಳಿಗ್ಗೆ ಎದ್ದು ಬಂದ ಶ್ವೇತ ಜಗಲಿಯ ಮೇಲಿದ್ದ ಗಾಜಿನ ಜಾಡಿ ನೋಡಿ ನಿಂತಲ್ಲೇ ನಿಂತಳು. ನೀರು ತಿಳಿಗೆಂಪಾಗಿತ್ತು. ಒಳಗಿದ್ದ ಕಡಲ ಪಾಚಿ ಬಣ್ಣವೆಲ್ಲ ಬಿಟ್ಟುಕೊಂಡು, ನೆನೆದ ನೂಲಿನಂತೆ ತಳ ಸೇರಿತ್ತು. ಪಕ್ಕದ ಜಾಡಿಯಲ್ಲಿ, ನಿನ್ನೆ ಸಂಜೆ ಕೆರಗೋಡಿನ ಗದ್ದೆಯ ಬದುವಿನಿಂದ ಅವಳೇ ಕಿತ್ತು ತಂದಿದ್ದ ಗರಿಕೆ ನಿಗುರಿ ನಿಂತಿತ್ತು.

"ಅಜ್ಜಿ, ಇದ್ರ ನೀರು ಯಾರು ಚೆಲ್ಲಿದ್ದು?"

"ನಾನೇ ಕಣಮ್ಮ," ಎಂದಳು ಬೆಟ್ಟಮ್ಮ, ಒಲೆಯ ಮುಂದಿನಿಂದ ಎದ್ದು ಬರುತ್ತಾ. "ನೀನು ಮಲಗಿದ್ಮೇಲೆ ಬೆರಳದ್ದಿ ನೋಡ್ದೆ, ಬರೀ ಉಪ್ಪು. ಪಾಪ, ಇದ್ರಲ್ಲಿ ಎಂಗ್ ಬದುಕೀತು ಅಂತ ಎಲ್ಡಕ್ಕೂ ಒಳ್ಳೆ ಕಾವೇರಿ ನೀರು ಉಯ್ದೆ."

ಶ್ವೇತ ಕರಾವಳಿಯಲ್ಲಿ ಪಾಚಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಇವತ್ತು ಭಾರತೀನಗರದಲ್ಲಿ, ತಾನು ಓದಿದ ಕಾಲೇಜಿನ ಮಕ್ಕಳ ಮುಂದೆ ಎರಡನ್ನೂ ಅಕ್ಕಪಕ್ಕ ಇಟ್ಟು ಮಾತಾಡಬೇಕಿತ್ತು. ಎಲ್ಲೆಂದರಲ್ಲಿ ಬದುಕುವ ಗರಿಕೆ ಒಂದು, ಅಳಿವಿನ ಅಂಚಿನಲ್ಲಿರುವ ಈ ಪಾಚಿ ಇನ್ನೊಂದು. ಲ್ಯಾಬಿನಲ್ಲಿ ಜೀವ ಹಿಡಿದುಕೊಂಡಿದ್ದ ಎರಡು ಗೊಂಚಲಲ್ಲಿ ಒಂದನ್ನು ಗೈಡ್ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದಳು.

ಅಜ್ಜಿಗೆ ಏನೂ ಹೇಳಬಾರದು ಎಂದುಕೊಂಡಳು. ಆದರೆ ಕಣ್ಣು ಮಾತು ಕೇಳಲಿಲ್ಲ.

"ಯಾಕಮ್ಮ? ಸತ್ತೋಯ್ತಾ?"

"ಅದು ಸಮುದ್ರದ್ದು ಅಜ್ಜಿ. ಸಿಹಿನೀರು ಆಗಲ್ಲ ಅದಕ್ಕೆ."

ಬೆಟ್ಟಮ್ಮ ಜಾಡಿಯ ಮುಂದೆ ಕುಕ್ಕರಿಸಿದಳು. "ಈ ಗರಿಕೇನ ಕಿತ್ತು ಕಿತ್ತು ನನ್ ಕೈ ಸವ್ದೋಗದೆ. ಬಿಸ್ಲಲ್ಲಿ ಒಣಗಾಕುದ್ರೂ ಒಂದು ಅನಿ ನೀರಿಗೆ ಚಿಗುರ್ತದೆ. ಉಲ್ಲು ಅಂದ್ರೆ ಎಲ್ಲಾ ಅಂಗೇ ಅಂದ್ಕಂಡಿದ್ದೆ." ತಲೆಯೆತ್ತಿ ಕೇಳಿದಳು, "ಅಲ್ಲಿಂದ ಇನ್ನೊಸಿ ಕಿತ್ಕಂಡ್ ಬರಕಾಯ್ತದಾ?"

"ಒಂದೇ ಬಂಡೇಲಿ ಇತ್ತು. ಈ ವರ್ಷ ಅಲ್ಲೂ ಕಾಣ್ಲಿಲ್ಲ." ಶ್ವೇತ ಅಜ್ಜಿಯ ಭುಜ ಹಿಡಿದುಕೊಂಡಳು. "ಹೋಗ್ಲಿ ಬುಡಜ್ಜಿ. ಲ್ಯಾಬಲ್ಲಿ ಇನ್ನೊಂದು ಇದೆ. ಇದನ್ನ ಇದ್ದ ಹಾಗೇ ಮಕ್ಳಿಗೆ ತೋರಿಸ್ತೀನಿ."

ಬೆಟ್ಟಮ್ಮನಿಗೆ ಸಮಾಧಾನವಾಗಲಿಲ್ಲ. ಜಾಡಿಯೊಳಗೆ ಕೈಯಿಳಿಸಿ ಒಂದು ಎಳೆಯನ್ನು ಮೆಲ್ಲಗೆ ಎತ್ತಿದಳು. ಅದು ಅಂಗೈಯಲ್ಲೇ ಲೋಳೆಯಾಗಿ ಹರಿಯಿತು.

"ಏನಮ್ಮ ಇದ್ರ ಎಸ್ರು?"

"ಪುಸ್ತಕದಲ್ಲಿ ಏನೋ ಉದ್ದದ್ದು ಇದೆ. ನಮ್ಮ ಕನ್ನಡದಲ್ಲಿ ಇನ್ನೂ ಯಾರೂ ಇಟ್ಟಿಲ್ಲ."

ಮುದುಕಿ ಅಂಗೈಯನ್ನೇ ನೋಡುತ್ತಾ ಕೂತಳು.

"ಎಸ್ರಿಕ್ಕೋಕೆ ಮುಂಚೇನೇ ಬಾಯಿಗೆ ನೀರು ಬುಟ್ಬುಟ್ನಲ್ಲಮ್ಮ," ಎಂದಳು.